ಎರಡನೇ ಕಡ್ಡಿ

ಹೆಂಗಸು ಬೀದಿ ಗುಡಿಸಬಹುದು, ಬೀದಿಯಲ್ಲಿ ಉಚ್ಚೆಗೆ ಕೂರುವಂತಿಲ್ಲ. ಗಂಡಸು ಗುಡಿಸದಿದ್ದರೂ ನಡೆಯುತ್ತದೆ, ಗೋಡೆ ಕಂಡಲ್ಲಿ ನಿಲ್ಲಬಹುದು. ಯಾವ ಪುಸ್ತಕದಲ್ಲೂ ಬರೆಯದ ಈ ಕಾನೂನಿನ ಕೆಳಗೆ ಕಡ್ಡಿಯಕ್ಕನ ತಂಗಿ ಇಪ್ಪತ್ತೆರಡು ವರ್ಷ ಪೊರಕೆ ಹಿಡಿದು, ಎರಡು ಸಲ ಆಸ್ಪತ್ರೆ ಸೇರಿದಳು. ಬೆಳಗಿನ ಐದಕ್ಕೆ ಹಾಜರಿ, ಮಧ್ಯಾಹ್ನ ಒಂದಕ್ಕೆ ಬಿಡುಗಡೆ. ನಡುವಿನ ಎಂಟು ಗಂಟೆ ಎಲ್ಲಿಗೂ ಹೋಗುವಂತಿಲ್ಲವೆಂದು ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಎರಡನೇ ಸಲ ಮಲಗಿದಾಗ ಡಾಕ್ಟರು, "ಮೂತ್ರಪಿಂಡ ಉಳೀಬೇಕು ಅಂದ್ರೆ ದಿನಕ್ಕೆ ಮೂರು ಲೀಟರು ನೀರು ಕುಡೀಬೇಕಮ್ಮ" ಎಂದರು.

"ಕುಡೀತೀನಿ ಸ್ವಾಮಿ. ಕುಡಿದು ಎಲ್ಲಿಗೆ ಹೋಗ್ಲಿ? ನಿಮ್ಮ ಮೇಜಿನ ಕೆಳಗಾ?" ಎಂದು ತಂಗಿ ಕೇಳಿದಳು. ಡಾಕ್ಟರಲ್ಲಿ ಅದಕ್ಕೆ ಮಾತ್ರೆ ಇರಲಿಲ್ಲ.

ತಂಗಿ ಗುಡಿಸುವವರ ಸಂಘದ ಮುಂದಾಳು. ಎಂಬತ್ತು ಹೆಂಗಸರ ಸಂಘ. ಅರ್ಜಿ ಕೊಟ್ಟರು, ಧರಣಿ ಕೂತರು, ಕೊನೆಗೆ ಎಂಬತ್ತು ಜನವೂ ಚೊಂಬು ಹಿಡಿದು ನಗರಸಭೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಸಾಹೇಬರು ಕಿಟಕಿ ಮುಚ್ಚಿಸಿ, ಶೌಚಾಲಯ ಕಟ್ಟಲು ಜಾಗ ಹುಡುಕುತ್ತೇವೆಂದು ಬರೆದುಕೊಟ್ಟರು. ಬರೆದುಕೊಟ್ಟ ಕಾಗದಕ್ಕೆ ಆರು ವರ್ಷವಾಯಿತು. ಜಾಗ ಇನ್ನೂ ಎಲ್ಲೋ ಕಳೆದುಹೋಗಿದೆ.

ಹೀಗಿರುವಾಗ ಒಂದು ದಿನ ತಂಗಿ ಪೊರಕೆಯನ್ನೂ ಕೆಳಗಿಡದೆ ಅಕ್ಕನ ಮನೆಗೆ ಓಡಿ ಬಂದಳು.

"ಅಕ್ಕಾ, ಕಕ್ಕಸು ಇರೋ ಗಾಡಿ ಒಂದಿದೆ! ಮಾರಾಟಕ್ಕಿದೆ!"

ಅವಳು ಗುಡಿಸುವ ಬೀದಿಯ ಕೊನೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಮನೆ. ನಿವೃತ್ತರಾದ ಮೇಲೆ ಮೇಷ್ಟ್ರೂ ಅವರ ಹೆಂಡತಿಯೂ ಒಂದು ಡೀಸೆಲ್ ಮನೆಗಾಡಿ ಕೊಂಡು ಒಂಬತ್ತು ವರ್ಷ ಊರೂರು ಸುತ್ತಿದ್ದರು. ಮಿನಿ ಬಸ್ಸಿನಷ್ಟು ಉದ್ದ; ಒಳಗೆ ಹಾಸಿಗೆ, ಒಲೆ, ಕೈ ತೊಳೆಯುವ ತೊಟ್ಟಿ, ಚಿಲಕವಿರುವ ಬಾಗಿಲಿನ ಹಿಂದೆ ಕಕ್ಕಸು. ಹೆಂಡತಿ ತೀರಿಕೊಂಡ ಮೇಲೆ ಅದು ಅಂಗಳದಲ್ಲೇ ನಿಂತಿತ್ತು. ಜಾಗ ಸಿಗದಿದ್ದರೆ ಬೇಡ, ಜಾಗದ ಅಗತ್ಯವೇ ಇಲ್ಲದ ಕಕ್ಕಸನ್ನು ನಾವೇ ಕೊಂಡು ನಾವು ಗುಡಿಸುವಲ್ಲಿಗೆ ಓಡಿಸೋಣ ಎಂದಳು ತಂಗಿ. ಸಂಘ ತನ್ನ ಮುಷ್ಕರ ನಿಧಿಯನ್ನೇ ಮುಂದಿಟ್ಟಿತು. ಒಂದೇ ಷರತ್ತು: ಗಾಡಿಯನ್ನು ಕಡ್ಡಿಯಕ್ಕ ನೋಡಬೇಕು. ಅವಳು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಭಾನುವಾರ ಸಂಜೆಯವರೆಗೆ ಯಾರಿಗೂ ಕೊಡುವುದಿಲ್ಲವೆಂದು ಮೇಷ್ಟ್ರು ತಂಗಿಗೆ ಮಾತು ಕೊಟ್ಟರು. ಆಮೇಲೆ ಬೀದಿ ತಿರುವಿನ ತಿಂಡಿಯಂಗಡಿಯವನ ಸರದಿ. ಅವನಿಗೂ ಅದರ ಮೇಲೆ ಕಣ್ಣಿತ್ತು.

ಕಡ್ಡಿಯಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿ ಕಾಗದದಲ್ಲಿ ಮಾತ್ರ ಇದೆ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ದುಡಿದವಳು. ಸೇರಿದ್ದು ನೆಲ ಒರೆಸುವುದಕ್ಕೆ. ಬಸ್ಸಿನ ಕೆಳಗಿನ ಗುಂಡಿಯಲ್ಲಿ ಎಣ್ಣೆ ಪರೀಕ್ಷೆ ಮಾಡಬೇಕಿದ್ದ ಆಸಾಮಿ ವಾರಕ್ಕೆ ಮೂರು ದಿನ ಬರುತ್ತಿದ್ದ. ಬಂದ ದಿನ ಬಸ್ಸಿಗಿಂತ ಹೆಚ್ಚು ಎಣ್ಣೆ ಅವನ ಹೊಟ್ಟೆಯಲ್ಲೇ ಇರುತ್ತಿತ್ತು. ಡ್ರೈವರುಗಳು, "ಏ ತಾಯಿ, ಆ ಎಣ್ಣೆ ಅಳೆಯೋ ಕಡ್ಡಿ ಸ್ವಲ್ಪ ಎಳೆದು ನೋಡು" ಎನ್ನುತ್ತಿದ್ದರು. ನೋಡಿ ನೋಡಿ ಕಲಿತಳು. ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ಈ ಬಸ್ಸು ಈ ವಾರ ಎಲ್ಲಿ ಕೈ ಕೊಡುತ್ತದೆ ಎಂದು ಹೇಳುವಷ್ಟಾದಳು. ಆ ಕೆಲಸಕ್ಕೆ ತನ್ನನ್ನೇ ಹಾಕಿ ಎಂದಾಗ ಫೋರ್‌ಮನ್ ನಕ್ಕ.

"ಹೆಂಗಸು ಗುಂಡಿಗಿಳಿಯೋದಾ?"

"ಸತ್ತಾಗ ಇಳಿಸ್ತೀರಲ್ಲ, ಬದುಕಿದ್ದಾಗ ಇಳಿದ್ರೆ ಏನು ಕಷ್ಟ?"

ಹದಿನೇಳು ದಿನ ಡಿಪೋ ಗೇಟಿನ ಮುಂದೆ ಕೂತಳು. ಮೊದಲ ನಾಲ್ಕು ದಿನ ಒಬ್ಬಳೇ. ಹದಿನೆಂಟನೇ ದಿನ ಗುಂಡಿ ಅವಳದಾಯಿತು. ನಲವತ್ತು ದಾಟಿದ ಮೇಲೆ, ಬಸ್ಸು ಹಿಂದೆ ಮುಂದೆ ಮಾಡಲು ಡ್ರೈವರನ್ನು ಕಾಯುವುದು ಬೇಜಾರೆಂದು ದೊಡ್ಡ ಗಾಡಿಯ ಲೈಸೆನ್ಸನ್ನೂ ಮಾಡಿಸಿದಳು.

ಅವಳ ಗುಂಡಿಗೊಂದು ಕಾನೂನಿತ್ತು. ಕಡ್ಡಿ ನೋಡುವುದು ಬೆಳಗಿನ ಜಾವ, ಗಾಡಿ ತಣ್ಣಗಿರುವಾಗ, ಕೀಲಿ ಹಾಕುವ ಮೊದಲು. "ನಾಲಿಗೆ ನೋಡೋದು ಎದ್ದ ತಕ್ಷಣ. ತಿಂದು ಕುಡಿದ ಮೇಲೆ ನಾಲಿಗೇನೂ ಸುಳ್ಳು ಹೇಳುತ್ತೆ" ಎನ್ನುತ್ತಿದ್ದಳು. ಫೋರ್‌ಮನ್ನುಗಳು ಐವರು ಬದಲಾದರು, ಕಾನೂನು ಬದಲಾಗಲಿಲ್ಲ. ಇನ್ನೊಂದು ಉಪಕಾನೂನು: ಗಾಡಿಯಿಂದ ತೆಗೆದ ಎಣ್ಣೆಯನ್ನು ಆ ಗಾಡಿ ಓಡಿ ಬರುವವರೆಗೆ ಚೆಲ್ಲಬಾರದು. ಈ ಎರಡರಲ್ಲಿ ಒಂದು ಅವಳನ್ನು ಮುಳುಗಿಸಿತು, ಇನ್ನೊಂದು ದಡ ಹತ್ತಿಸಿತು.

ಶನಿವಾರ ಬೆಳಗ್ಗೆ ಕಡ್ಡಿಯಕ್ಕ ಬಿಳಿ ಬಟ್ಟೆಯ ಚೂರುಗಳು, ಟಾರ್ಚು, ಕೈಪಂಪು, ಖಾಲಿ ಕ್ಯಾನು ಹಿಡಿದು ಮೇಷ್ಟ್ರ ಅಂಗಳಕ್ಕೆ ಬಂದಳು. ಹಿಂದೆ ತಂಗಿ, ಅವಳ ಹಿಂದೆ ಕಡ್ಡಿಯಕ್ಕನ ಗಂಡ. ಗಂಡ ರಿಟೈರ್ಡ್ ಕಂಡಕ್ಟರು. ಮನೆಗೆ ನೆಂಟರು ಬಂದರೆ ಈಗಲೂ "ಒಳಗೆ ಹೋಗಿ, ಮುಂದೆ ಜಾಗ ಇದೆ" ಎನ್ನುವ ಮನುಷ್ಯ. ಅವನು ಗಾಡಿಯ ಮೂತಿಯ ಮುಚ್ಚಳ ಎತ್ತಿ ನೋಡಿ ಗಾಬರಿಯಾದ.

"ಲೇ, ಇಂಜಿನ್ನೇ ಇಲ್ಲ! ಯಾರೋ ಕದ್ದಿದಾರೆ!"

"ಅದು ಹಿಂದಿದೆ," ಎಂದರು ಮೇಷ್ಟ್ರು. ತೆಳ್ಳಗಿನ, ಮೆಲುದನಿಯ ಮನುಷ್ಯ. "ಮಲಗೋ ಹಾಸಿಗೆ ಕೆಳಗೆ."

"ಇಂಜಿನ್ ಮೇಲೆ ಮಲಗ್ತಿದ್ರಾ ಮೇಷ್ಟ್ರೇ? ನಿದ್ದೆ ಬರ್ತಿತ್ತಾ?"

"ಅದರಲ್ಲೇನಿದೆ," ಎಂದಳು ಕಡ್ಡಿಯಕ್ಕ, "ಮೂವತ್ತೈದು ವರ್ಷದಿಂದ ನಾನೂ ಡೀಸೆಲ್ ಇಂಜಿನ್ ಪಕ್ಕದಲ್ಲೇ ಮಲಗ್ತಿದೀನಿ. ರಾತ್ರಿಯೆಲ್ಲಾ ಗೊರಗೊರ ಅಂತ ಓಡುತ್ತೆ, ಒಂದು ಮೈಲಿ ಮುಂದಕ್ಕೆ ಹೋಗಲ್ಲ."

ತಂಗಿ ಸೆರಗು ಬಾಯಿಗೊತ್ತಿಕೊಂಡಳು. ಭಾವ ಆಕಾಶ ನೋಡಿದ.

ಹಾಸಿಗೆ ಸುತ್ತಿಟ್ಟು, ಹಲಗೆ ಎತ್ತಿದರೆ ಕೆಳಗೆ ಇಂಜಿನ್. ಕಡ್ಡಿಯಕ್ಕ ಮೊದಲು ಗಾಡಿ ಮಟ್ಟಸವಾದ ನೆಲದಲ್ಲಿದೆಯೇ ಎಂದು ಅಡುಗೆ ತೊಟ್ಟಿಯಲ್ಲಿ ಒಂದು ಲೋಟ ನೀರಿಟ್ಟು ನೋಡಿದಳು. ಆಮೇಲೆ ಇಂಜಿನ್ನಿನ ಕಡ್ಡಿ ಎಳೆದಳು. ಒರೆಸಿದಳು, ಮತ್ತೆ ಇಳಿಸಿದಳು, ಮತ್ತೆ ಎಳೆದಳು. ಎಣ್ಣೆ ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ. ಕಪ್ಪಗಿತ್ತು. ತಂಗಿಯ ಮುಖ ಸಣ್ಣಗಾಯಿತು.

"ಕಪ್ಪಗಿದೆಯಲ್ಲಕ್ಕ?"

"ಡೀಸೆಲ್ ಎಣ್ಣೆ ಕಪ್ಪಗಾಗದೆ ನಿನ್ನ ಭಾವನ ತಲೆಗೂದಲಿನ ಹಾಗೆ ಬೆಳ್ಳಗಿರುತ್ತಾ? ಬೆಳ್ಳಗೆ ಮಜ್ಜಿಗೆ ಥರ ಆದ್ರೆ ಎಣ್ಣೆಯೊಳಗೆ ನೀರು ಹೊಕ್ಕಿದೆ ಅಂತ. ಬೆರಳಿಗೆ ಮರಳು ಸಿಕ್ಕಿದ್ರೆ ಒಳಗೆ ಸವೆದಿದೆ ಅಂತ. ಇದರಲ್ಲಿ ಎರಡೂ ಇಲ್ಲ."

ರೇಡಿಯೇಟರಿನ ನೀರು ಶುದ್ಧ, ಮೇಲೆ ಎಣ್ಣೆಯ ಬಣ್ಣ ತೇಲುತ್ತಿರಲಿಲ್ಲ. ಬ್ರೇಕಿನ ಎಣ್ಣೆ ಸರಿ, ಸ್ಟೇರಿಂಗಿನದೂ ಸರಿ. ಡೀಸೆಲ್ ಸೋಸುವ ಬಟ್ಟಲಿನ ತಳದ ತಿರುಪು ಬಿಚ್ಚಿದಾಗ ನಾಲ್ಕು ಹನಿ ನೀರು ಬಂತು, ಅಷ್ಟೇ. ಒಂದೊಂದು ಮುಗಿದಾಗಲೂ ಅವಳು "ಹೂಂ" ಎನ್ನುತ್ತಿದ್ದಳು, ತಂಗಿ ಒಂದೊಂದು ಬೆರಳು ಮಡಚುತ್ತಿದ್ದಳು.

ಉಳಿದದ್ದು ಗೇರ್‌ಬಾಕ್ಸು. ಈ ಗಾಡಿಯದು ಆಟೋಮ್ಯಾಟಿಕ್ಕು. ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ. ಡಿಪೋದಲ್ಲಿ ಇಂಥದ್ದೊಂದೂ ಇರಲಿಲ್ಲ. ಆದರೆ ಕಡ್ಡಿ ಕಡ್ಡಿಯೇ ತಾನೆ? ಮೂಲೆಯಲ್ಲಿ ಉದ್ದನೆಯ ಕೊಳವೆಯೊಳಗೆ ಎರಡನೇ ಕಡ್ಡಿಯಿತ್ತು. ಎಳೆದಳು. ಕೆಂಪು ಎಣ್ಣೆ. ಆದರೆ ಮೇಲಿನ ಗುರುತನ್ನು ದಾಟಿ ಮೂರು ಬೆರಳು ಎತ್ತರದಲ್ಲಿತ್ತು.

"ಇದನ್ನ ಯಾರು ತುಂಬಿದ್ದು? ಕಂಠಪೂರ್ತಿ ಕುಡಿಸಿದಾರೆ."

ಮೇಷ್ಟ್ರು ಹಿಂದೇಟು ಹಾಕುತ್ತ ಹೇಳಿದರು, "ಎಣ್ಣೆ ವಿಚಾರ ಎಲ್ಲಾ ನಮ್ಮವಳದು. ನಾನು ಬರೀ ಸ್ಟೇರಿಂಗು. ಆದ್ರೆ... ಅವಳು ಇದೊಂದನ್ನ ಇಂಜಿನ್ ಓಡ್ತಿರುವಾಗ ನೋಡ್ತಿದ್ಳು ಅಂತ ನೆನಪು."

"ಮೇಷ್ಟ್ರೇ, ಓಡೋ ಇಂಜಿನ್ನಿಗೆ ಕೈ ಹಾಕೋದು ಬೆರಳು ಜಾಸ್ತಿ ಇರೋರು. ನನಗೆ ಹತ್ತೇ ಇರೋದು. ಮೂವತ್ತೊಂದು ವರ್ಷದಿಂದ ಹತ್ತೇ ಉಳಿಸ್ಕೊಂಡಿದೀನಿ."

ಗುರುತು ದಾಟಿದ ಎಣ್ಣೆ ನೊರೆಗಟ್ಟಿ ಗೇರನ್ನು ಹಾಳುಮಾಡುತ್ತದೆ ಎಂಬುದು ಕಡ್ಡಿಯಕ್ಕನಿಗೆ ಗೊತ್ತಿತ್ತು. ಅದು ನಿಜವೂ ಹೌದು. ಕೈಪಂಪಿನ ಕೊಳವೆಯನ್ನು ಇಳಿಸಿ, ಎಣ್ಣೆ ಸರಿಯಾಗಿ ಗುರುತಿಗೆ ಬರುವವರೆಗೆ ಹೀರಿ ಕ್ಯಾನಿಗೆ ತುಂಬಿದಳು. ಸುಮಾರು ಮೂರು ಲೀಟರು ಬಂತು. ಕ್ಯಾನಿನ ಬಾಯಿಗೆ ಬಟ್ಟೆ ಕಟ್ಟಿದಳು. ಆಮೇಲೆ ತಾನೇ ಸ್ಟೇರಿಂಗಿಗೆ ಕೂತು ಗಾಡಿ ಹೊರಡಿಸಿದಳು.

ಸಮತಟ್ಟು ರಸ್ತೆಯಲ್ಲಿ ಗಾಡಿ ಹೇಗೋ ಹೋಯಿತು. ಬೀದಿಯ ಇನ್ನೊಂದು ಕೊನೆಗೆ ನೀರಿನ ಟ್ಯಾಂಕಿನ ದಿಬ್ಬ. ದಿಬ್ಬದ ಬುಡಕ್ಕೆ ಬಂದದ್ದೇ ಗಾಡಿಗೆ ನಡುಕ ಹತ್ತಿತು. ಕಡ್ಡಿಯಕ್ಕ ಕಾಲು ಒತ್ತಿದಳು. ಇಂಜಿನ್ ಬೊಬ್ಬೆ ಹೊಡೆಯಿತು, ಚಕ್ರ ಕೇಳಿಸಿಕೊಳ್ಳಲಿಲ್ಲ. ಅರ್ಧ ದಿಬ್ಬದಲ್ಲಿ ನಿಂತು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದಿನ ಕಿಟಕಿಯಲ್ಲಿ ಗಂಡ ಅಭ್ಯಾಸಬಲದಿಂದ ಗಾಡಿಯ ಮೈ ಬಡಿಯುತ್ತ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತಿದ್ದ. ತಿಂಡಿಯಂಗಡಿಯವನು ಬಾಣಲೆ ಬಿಟ್ಟು ಹೊರಗೆ ಬಂದು ನಿಂತ.

ಹೇಗೋ ಅಂಗಳಕ್ಕೆ ತಂದು ನಿಲ್ಲಿಸಿದ ಕಡ್ಡಿಯಕ್ಕ ಕೆಳಗಿಳಿದು, ಬೀದಿಯೇ ಕೇಳುವಂತೆ ಮೇಷ್ಟ್ರಿಗೆ ಹೇಳಿದಳು:

"ನಿಮ್ಮ ಗಾಡಿ ಗೇರ್‌ಬಾಕ್ಸು ಸತ್ತಿದೆ. ಅದನ್ನ ಮುಚ್ಚಿಡೋಕೆ ಮೂರು ಲೀಟರು ಜಾಸ್ತಿ ಎಣ್ಣೆ ಹುಯ್ದಿದೀರ. ಮಕ್ಕಳಿಗೆ ಪಾಠ ಹೇಳಿದ ಕೈಯಲ್ಲಿ ಮಾಡೋ ಕೆಲಸಾನಾ ಇದು? ಗುಡಿಸೋ ಹೆಂಗಸರು ಅಂದ್ರೆ ಕಸ ತಗೊಂಡು ಹೋಗ್ತಾರೆ ಅಂದ್ಕೊಂಡ್ರಾ? ಬೇಡ ನಮಗೆ."

ಮೇಷ್ಟ್ರ ಮುಖ ಬಿಳಿಚಿತು. ಜಗಳವಾಡಲಿಲ್ಲ. "ನನಗೆ ಗೊತ್ತಿಲ್ಲಮ್ಮ. ಇರಬಹುದು," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಡ್ಡಿಯಕ್ಕ ಕ್ಯಾನು ಎತ್ತಿಕೊಂಡು ಮನೆಗೆ ನಡೆದಳು. ಓಡಿ ಗೆಲ್ಲದ ಗಾಡಿಯ ಎಣ್ಣೆ, ಚೆಲ್ಲುವ ಹಾಗಿಲ್ಲ.

ಆ ಮಧ್ಯಾಹ್ನ ಅವಳ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಮೂವರೂ ಕೂತಿದ್ದರು. ಮುಂದೆ ಕ್ಯಾನು. ಚಹಾ ತಣ್ಣಗಾಗುತ್ತಿತ್ತು. ಕಡ್ಡಿಯಕ್ಕ ಬಿಳಿ ಬಟ್ಟೆಯ ಚೂರನ್ನು ಕ್ಯಾನಿಗೆ ಅದ್ದಿ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಅವಳಿಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಎಣ್ಣೆ ತಿಳಿಯಾದ ಕೆಂಪು. ಸುಟ್ಟ ವಾಸನೆಯಿಲ್ಲ. ಕಬ್ಬಿಣದ ಪುಡಿಯ ಮಿಣುಕಿಲ್ಲ. ಸತ್ತ ಗೇರ್‌ಬಾಕ್ಸಿನ ಎಣ್ಣೆ ಸೀದ ಪಾತ್ರೆಯ ಹಾಗೆ ನಾರುತ್ತದೆ. ಹೆಣಕ್ಕೆ ನಾಡಿ ಹೀಗೆ ಬಡಿಯುವುದಿಲ್ಲ.

ತಂಗಿಯ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ.

"ನಾಳೆ ಎಂಬತ್ತು ಜನಕ್ಕೆ ಏನಂತ ಹೇಳ್ಲಿ? ಹೊಟ್ಟೆ ಬಿಗಿಹಿಡ್ಕೊಂಡಿರಿ ಅಂತಾನಾ? ಮತ್ತೆ ಅದೇ ಸಾಹೇಬನ ಮುಂದೆ ಕೈ ಮುಗೀಬೇಕು. ಅವನ ಬುದ್ಧಿ ಗೊತ್ತಲ್ಲ ನಿನಗೆ. ಬಂದ ಹೊಸತರಲ್ಲಿ ಏನು ಮಾಡಿದ? ಬೆಳಗ್ಗೆ ಐದಕ್ಕೆ ಹಾಜರಿ ಕಟ್ಟೆಗೆ ಬಂದ. ಎಂಬತ್ತು ಜನಾನೂ ಒಂದೇ ಕಟ್ಟೆ ಮೇಲೆ ಕಿಕ್ಕಿರಿದು ಕೂತಿದ್ವಿ. 'ಅಬ್ಬಾ, ಇಷ್ಟು ಜನ ಯಾಕೆ, ತುಂಬಿ ತುಳುಕ್ತಿದೆ' ಅಂದ. ಮೂವತ್ತು ಜನರನ್ನ ಮನೆಗೆ ಕಳಿಸಿದ. ಒಂಬತ್ತು ಗಂಟೆಗೆ ಬೀದಿಗೆ ಬಂದು ನೋಡಿದ್ರೆ ಅರ್ಧ ಊರಲ್ಲಿ ಪೊರಕೇನೇ ಇಲ್ಲ! ಆಗ ಏನಂದ? ತನ್ನ ತಪ್ಪು ಅಂದ್ನಾ? 'ಗುಡಿಸೋರು ಸೋಮಾರಿಗಳು' ಅಂತ ನಮ್ಮ ಮೇಲೇ ರಿಪೋರ್ಟು ಬರೆದ. ಅಲ್ಲಕ್ಕ, ಕಟ್ಟೆ ಮೇಲೆ ಕೂತಾಗ ಎಣಿಸೋದಾ, ಕೆಲಸದಲ್ಲಿ ಹರಡಿಕೊಂಡಿರುವಾಗ ಎಣಿಸೋದಾ?"

ಬಟ್ಟೆ ಹಿಡಿದ ಕಡ್ಡಿಯಕ್ಕನ ಕೈ ನಿಂತಿತು.

"ಇನ್ನೊಂದ್ಸಲ ಹೇಳು."

"ಯಾವುದನ್ನ? ರಿಪೋರ್ಟಾ?"

"ಕೊನೇದು."

ತಂಗಿ ಹೇಳಿದಳು. ಕಡ್ಡಿಯಕ್ಕ ಬಟ್ಟೆಯನ್ನು ಮೆಟ್ಟಿಲ ಮೇಲೆ ಹಾಕಿ, ಎರಡೂ ಕೈಯಿಂದ ಹಣೆ ಚಚ್ಚಿಕೊಂಡಳು. ಹಣೆಯ ಮೇಲೆ ಕೆಂಪು ಎಣ್ಣೆ ಮೂಡಿತು.

"ಆ ಸಾಹೇಬ ನಾನೇ ಕಣೇ!"

ಗಂಡ ಚಹಾ ಲೋಟ ಕೆಳಗಿಟ್ಟ. "ಬಿಸಿಲು ಹೊಡೀತಾ?"

"ರೀ, ಸುಮ್ನಿರ್ರೀ. ಕ್ಲಚ್ಚಿಲ್ಲದ ಗೇರ್‌ಬಾಕ್ಸಲ್ಲಿ ಕ್ಲಚ್ಚಿನ ಕೆಲಸ ಮಾಡೋದು ಎಣ್ಣೇನೇ. ಇಂಜಿನ್ ಓಡುವಾಗ ಅದು ಎಲ್ಲಾ ಕೊಳವೆಯಲ್ಲಿ, ಎಲ್ಲಾ ಸಂದಿಯಲ್ಲಿ ಹರಡಿಕೊಂಡಿರುತ್ತೆ. ಇಂಜಿನ್ ನಿಂತ್ರೆ ಎಲ್ಲಾ ಇಳಿದು ತಳಕ್ಕೆ ಬಂದು ಕೂರುತ್ತೆ. ನಾನು ತಳದಲ್ಲಿ ಕೂತಿದ್ದನ್ನ ಅಳೆದೆ. ಹಾಜರಿ ಕಟ್ಟೆ ನೋಡಿ ಜನ ಜಾಸ್ತಿ ಅಂದ ಹಾಗೆ. ಮೂರು ಲೀಟರು ಹೊರಗೆ ಹಾಕಿ, ಆಮೇಲೆ ಗಾಡಿ ಸೋಮಾರಿ ಅಂದೆ. ಆ ಮೇಷ್ಟ್ರ ಹೆಂಡತಿ ಓಡೋವಾಗ ನೋಡ್ತಿದ್ಳಂತಲ್ಲ, ಸರಿಯಾಗೇ ನೋಡ್ತಿದ್ಳು!"

ತಂಗಿಗೆ ಎಣ್ಣೆಯ ಲೆಕ್ಕ ಪೂರ್ತಿ ಅರ್ಥವಾಗದಿದ್ದರೂ ಹಾಜರಿ ಕಟ್ಟೆಯ ಲೆಕ್ಕ ಅರ್ಥವಾಯಿತು. "ಅಂದ್ರೆ ಗಾಡಿ ಸತ್ತಿಲ್ವಾ?"

"ಅದು ಸತ್ತಿಲ್ಲ, ನಾನು ಸಾಯಿಸಿದ್ದೆ. ಏಳು, ಹೋಗೋಣ."

ಗಂಡ ಬಾಗಿಲಿಗೆ ಅಡ್ಡ ನಿಂತ. ಜೀವನವೆಲ್ಲ ಚಿಲ್ಲರೆ ವ್ಯವಹಾರ ಮಾಡಿದವನ ಬುದ್ಧಿ ಅವನದು. "ಸ್ವಲ್ಪ ತಾಳು. ನೀನು ಬೀದಿಗೆಲ್ಲಾ ಕೇಳೋ ಹಾಗೆ ಸತ್ತಿದೆ ಅಂದಿದೀಯ. ತಿಂಡಿಯಂಗಡಿಯವನು ಕಿವಿಯಾರೆ ಕೇಳಿದಾನೆ, ಇನ್ನು ಅವನು ಆ ಗಾಡಿ ಮುಟ್ಟಲ್ಲ. ಎರಡು ವಾರ ಸುಮ್ನಿದ್ರೆ ಮೇಷ್ಟ್ರು ತಾವೇ ಬಂದು ಅರ್ಧಕ್ಕೆ ಕೊಡ್ತಾರೆ. ಈಗ ಹೋಗಿ ಸರಿ ಇದೆ ಅಂತ ಡಂಗುರ ಹೊಡೆದ್ರೆ ಅವನು ಎತ್ತಾಕ್ಕೊಂಡು ಹೋಗ್ತಾನೆ. ಆಮೇಲೆ ನಿನ್ನ ತಂಗಿಗೆ ಏನಂತೀಯ?"

ಗಂಡ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕಡ್ಡಿಯಕ್ಕ ತಂಗಿಯ ಮುಖ ನೋಡಿದಳು. ಆರು ವರ್ಷ ಕಾದ ಮುಖ, ಎರಡು ಸಲ ಆಸ್ಪತ್ರೆ ಕಂಡ ಮುಖ. ಹೋಗಬೇಡ ಎಂದು ತಂಗಿ ಹೇಳಿದ್ದರೆ ಏನಾಗುತ್ತಿತ್ತೋ. ಅವಳು ಹೇಳಲಿಲ್ಲ.

"ಮೂವತ್ತು ಜನರನ್ನ ವಾಪಸ್ ತಗೊಳ್ಳೋವರೆಗೂ ಹನ್ನೊಂದು ದಿನ ಮೆಟ್ಟಿಲ ಮೇಲೆ ಕೂತು ಒಂದೇ ಘೋಷಣೆ ಕೂಗಿದೀವಿ ಭಾವ," ಎಂದಳು ತಂಗಿ. "'ತಪ್ಪು ಮಾಡಿದವರು ಒಪ್ಪಿಕೊಳ್ಳಿ' ಅಂತ. ಅಕ್ಕನೂ ನಮ್ಮ ಜೊತೆ ಕೂತು ಕೂಗಿದ್ಳು. ಈಗ ನಮ್ಮ ಸರದಿ ಬಂದಾಗ ಗಂಟಲು ಕಟ್ಟಿತು ಅನ್ನೋಕಾಗುತ್ತಾ? ಗಾಡಿ ಹೋದ್ರೆ ಹೋಗ್ಲಿ, ಇನ್ನೊಂದು ಹುಡುಕೋಣ."

"ಎತ್ತಿ, ಕ್ಯಾನು," ಎಂದಳು ಕಡ್ಡಿಯಕ್ಕ ಗಂಡನಿಗೆ. ಗಂಡ ಎತ್ತಿದ.

ಆದರೆ ಮೇಷ್ಟ್ರ ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದವರು, ಮಗಳ ಮನೆಗೆ ಹೋದರು, ನಾಳೆ ಬರುತ್ತಾರೆ ಎಂದರು. ಕಡ್ಡಿಯಕ್ಕನಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ; ಚೆನ್ನಾಗಿಯೇ ಉಂಡಳು, ನಾಳೆ ಬೈಸಿಕೊಳ್ಳಲು ಶಕ್ತಿ ಬೇಕಲ್ಲ.

ಭಾನುವಾರ ಹತ್ತು ಗಂಟೆಗೆ ಹೋದಾಗ ಅಂಗಳದಲ್ಲಿ ತಿಂಡಿಯಂಗಡಿಯವನು ಗಾಡಿಯ ಚಕ್ರವನ್ನು ಕಾಲಿನಿಂದ ಒದೆಯುತ್ತ ನಿಂತಿದ್ದ. ಮೇಷ್ಟ್ರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಗುಜರಿಗೆ ಹಾಕೋ ರೇಟಿಗಾದ್ರೆ ನೋಡೋಣ ಮೇಷ್ಟ್ರೇ," ಎನ್ನುತ್ತಿದ್ದ ಅವನು. "ಗೇರ್‌ಬಾಕ್ಸೇ ಇಲ್ವಂತೆ. ಡಿಪೋದೋರೇ ಹೇಳಿದಾರೆ."

ಕಡ್ಡಿಯಕ್ಕ ನೇರವಾಗಿ ನಡುವೆ ಬಂದು ನಿಂತಳು. ನಿನ್ನೆ ಎಷ್ಟು ಗಟ್ಟಿಯಾಗಿ ಬೈದಿದ್ದಳೋ ಅಷ್ಟೇ ಗಟ್ಟಿಯಾಗಿ, ಆಚೆ ಮನೆಯವರೂ ಕಿಟಕಿಗೆ ಬರುವ ಹಾಗೆ ಹೇಳಿದಳು:

"ಮೇಷ್ಟ್ರೇ, ನಿಮ್ಮ ಗಾಡಿ ಚೆನ್ನಾಗಿದೆ. ಕೆಟ್ಟಿದ್ದು ನನ್ನ ತಲೆ. ಓಡ್ತಿರುವಾಗ ನೋಡ್ಬೇಕಾದ ಕಡ್ಡೀನ ನಿಂತಾಗ ನೋಡಿದೆ, ಇರಬೇಕಾದ ಎಣ್ಣೇನ ನಾನೇ ತೆಗೆದೆ, ಆಮೇಲೆ ನಿಮ್ಮನ್ನ ಕಳ್ಳ ಅಂದೆ. ಕುಣೀಲಾರದೋಳು ನೆಲ ಡೊಂಕು ಅಂದ ಹಾಗಾಯ್ತು. ತಪ್ಪು ನಂದು. ಬೈಯೋದಿದ್ರೆ ಬೈರಿ."

ಮೇಷ್ಟ್ರು ತಲೆ ಎತ್ತಿದರು.

"ನನಗೆ ಬೈಯೋಕೆ ಬರಲ್ಲ. ನಮ್ಮವಳು ಇದ್ದಿದ್ರೆ ಬೈದಿರೋಳು. ನಿಮ್ಮಷ್ಟೇ ಗಂಟಲಿತ್ತು ಅವಳಿಗೂ."

"ಹಾಗಾದ್ರೆ ಅವರ ಪಾಲಿನದನ್ನ ಇಟ್ಕೊಂಡಿರಿ, ಆಮೇಲೆ ತಗೋತೀನಿ. ಮೊದಲು ನೀವು ಸ್ಟೇರಿಂಗಿಗೆ ಕೂತ್ಕೊಳ್ಳಿ. ಬ್ರೇಕಿನ ಮೇಲಿಂದ ಕಾಲು ತೆಗೀಬೇಡಿ."

ಗಾಡಿಯನ್ನು ಚಾಲೂ ಮಾಡಿ ಮೈ ಬಿಸಿಯಾಗಲು ಬಿಟ್ಟರು. ಅಷ್ಟರಲ್ಲಿ ಅವಳು ಗಂಡನ ಕನ್ನಡಕ ಕಿತ್ತುಕೊಂಡು ಎರಡನೇ ಕಡ್ಡಿಯನ್ನು ಬೆಳಕಿಗೆ ಹಿಡಿದಳು. ಹಿಡಿಯ ಹತ್ತಿರ ಸಣ್ಣ ಅಕ್ಷರಗಳು: ಬಿಸಿಯಿರುವಾಗ, ಇಂಜಿನ್ ಓಡುತ್ತಿರುವಾಗ, ನ್ಯೂಟ್ರಲ್ಲಿನಲ್ಲಿ ನೋಡಿ. ಡಿಪೋದ ಕಡ್ಡಿಗಳಲ್ಲಿ ಎರಡು ಗೀರು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ; ಮೂವತ್ತೊಂದು ವರ್ಷ ಅವಳು ಕಡ್ಡಿಯನ್ನು ಒರೆಸಿದ್ದಳೇ ಹೊರತು ಓದಿರಲಿಲ್ಲ. ನಿನ್ನೆಯೂ ಈ ಅಕ್ಷರಗಳನ್ನು ಒರೆಸಿಯೇ ಇಳಿಸಿದ್ದಳು.

ಮೇಷ್ಟ್ರು ಅವಳು ಹೇಳಿದಂತೆ ಗೇರಿನ ಕೋಲನ್ನು ಒಂದೊಂದು ಗೇರಿಗೂ ಒಯ್ದು ನ್ಯೂಟ್ರಲ್ಲಿಗೆ ತಂದರು. ಕಡ್ಡಿಯಕ್ಕ ತೋಳಿನ ಬಟ್ಟೆ ಬಿಗಿಯಾಗಿ ಸುತ್ತಿಕೊಂಡು, ತಿರುಗುವ ಬೆಲ್ಟುಗಳಿಂದ ದೂರ ಕೈ ಚಾಚಿ ಕಡ್ಡಿ ಎಳೆದಳು. ತುದಿಯಲ್ಲಿ ಮಾತ್ರ ಎಣ್ಣೆಯ ಕಲೆ.

"ನೋಡು," ಎಂದು ತಂಗಿಗೆ ತೋರಿಸಿದಳು, "ಬೀದಿಯಲ್ಲಿ ಪೊರಕೇನೇ ಇಲ್ಲ."

ಉದ್ದ ಆಲಿಕೆ ಇಟ್ಟು, ಕ್ಯಾನಿನ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸುತ್ತ ಅರ್ಧರ್ಧ ಲೀಟರು ಹಾಕಿದಳು. ಹಾಕುವುದು, ಕಾಯುವುದು, ನೋಡುವುದು. ಕೊನೆಯ ಅರ್ಧ ಲೀಟರಿಗೆ ಎಣ್ಣೆ ಗುರುತಿಗೆ ಸರಿಯಾಗಿ ಬಂದು ನಿಂತಿತು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂಬತ್ತು ವರ್ಷ ಈ ಗಾಡಿಯನ್ನು ನೋಡಿಕೊಂಡ ಹೆಂಗಸು ತುಂಬಿದ್ದ ಅಳತೆ ಅದು. ಕಡ್ಡಿಯಕ್ಕ ಕಡ್ಡಿಯನ್ನು ಎರಡು ಸಲ ಒರೆಸಿ ಇಟ್ಟಳು.

ಮೇಷ್ಟ್ರು ಜಾಗ ಬಿಟ್ಟರು, ಕಡ್ಡಿಯಕ್ಕ ಸ್ಟೇರಿಂಗಿಗೆ ಕೂತಳು. ಎಲ್ಲರೂ ಹತ್ತಿದರು. ತಿಂಡಿಯಂಗಡಿಯವನೂ ಹತ್ತಿದ. ದಿಬ್ಬದ ಬುಡಕ್ಕೆ ಬಂದಾಗ ಕಡ್ಡಿಯಕ್ಕ ಕಾಲು ಒತ್ತಿದಳು. ಇಂಜಿನ್ ಗಂಭೀರವಾಗಿ ದನಿ ಏರಿಸಿತು. ಗೇರು ತನ್ನಷ್ಟಕ್ಕೆ ಇಳಿದು ಕಚ್ಚಿಕೊಂಡಿತು. ಗಾಡಿ ನೀರಿನ ಟ್ಯಾಂಕಿನವರೆಗೆ ಒಂದೇ ಉಸಿರಿಗೆ ಏರಿತು. "ರೈಟ್! ರೈಟ್!" ಎಂದು ಗಂಡ ಗಾಡಿಯ ಮೈ ಬಡಿದ. ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ.

ಮೇಲೆ ನಿಂತ ಮೇಲೆ ತಿಂಡಿಯಂಗಡಿಯವನು ಕೈ ಉಜ್ಜಿಕೊಂಡ. "ಮೇಷ್ಟ್ರೇ, ಹಾಗಾದ್ರೆ ನಾನೇ ತಗೋತೀನಿ. ಮೊದಲು ಹೇಳಿದ ರೇಟಿಗೇ. ಇವರು ನಿನ್ನೆ ಎಲ್ಲರ ಮುಂದೆ ಬೇಡ ಅಂದಾಯ್ತಲ್ಲ."

ಗಂಡ ಹೆಂಡತಿಯ ಕಡೆ ನೋಡಿದ. 'ನಾನು ಹೇಳಿರಲಿಲ್ವಾ' ಎಂಬ ನೋಟ. ಕಡ್ಡಿಯಕ್ಕ ಸ್ಟೇರಿಂಗನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ಬೇಡ ಅಂದದ್ದು ಅವಳ ಬಾಯೇ.

ಆಗ ತಂಗಿ ಎದ್ದು ನಿಂತಳು. ಸಾಹೇಬರುಗಳ ಜೊತೆ ಇಪ್ಪತ್ತು ವರ್ಷ ಮಾತುಕತೆಗೆ ಕೂತವಳು.

"ಬೇಡ ಅಂದಿದ್ದು ಯಾರು?"

"ನಿಮ್ಮಕ್ಕ!"

"ನಮ್ಮಕ್ಕ ಗುಡಿಸೋರ ಸಂಘದ ಸದಸ್ಯಳಾ? ಅಲ್ಲ. ಡಿಪೋದೋಳು. ಸಂಘದ ಪರವಾಗಿ ಹೂಂ ಊಹೂಂ ಅನ್ನೋಕೆ ಅವಳ್ಯಾರು? ಪರೀಕ್ಷೆ ಮಾಡು ಅಂದ್ವಿ, ಮಾಡಿದಾಳೆ, ಅದನ್ನೂ ಎರಡು ಸಲ ಮಾಡಿದಾಳೆ. ಮೇಷ್ಟ್ರು ಭಾನುವಾರ ಸಂಜೆವರೆಗೆ ಅಂತ ಮಾತು ಕೊಟ್ಟಿದ್ದು ನನಗೆ. ನಾನು ಸಂಘದ ಮುಂದಾಳು. ನಾನು ಬೇಡ ಅಂದಿದ್ದನ್ನ ನೀವು ಯಾರಾದ್ರೂ ಕೇಳಿದೀರಾ? ಈಗ ಗಂಟೆ ಎಷ್ಟು ಮೇಷ್ಟ್ರೇ?"

ಮೇಷ್ಟ್ರು ಗಡಿಯಾರ ನೋಡಿದರು. ಅವರ ತುಟಿಯಂಚಿನಲ್ಲಿ ಎರಡು ದಿನದಲ್ಲಿ ಮೊದಲ ಸಲ ಏನೋ ಅಲುಗಿತು. "ಹನ್ನೆರಡು ಕಾಲು."

"ಸಂಜೆ ಆಗೋಕೆ ಇನ್ನೂ ಹೊತ್ತಿದೆ. ಸಂಘ ಗಾಡಿ ತಗೋತಿದೆ."

ತಿಂಡಿಯಂಗಡಿಯವನು ಗೊಣಗಿದ. "ಇದೆಲ್ಲಾ ಲಾಯರ್ ಮಾತು."

"ಲಾಯರಿಗೆ ಕೊಡೋ ಫೀಸು ನಮ್ಮ ಹತ್ರ ಇಲ್ಲಪ್ಪ, ಅದಕ್ಕೇ ನಾವೇ ಮಾತು ಕಲ್ತ್ವಿ," ಎಂದಳು ತಂಗಿ. "ನೀನು ತಗೊಂಡಿದ್ರೆ ಒಳಗಿರೋ ಕಕ್ಕಸನ್ನ ಏನು ಮಾಡ್ತಿದ್ದೆ?"

"ಕಿತ್ತು ಎಸೆದು ಅಲ್ಲೊಂದು ಒಲೆ ಇಡ್ತಿದ್ದೆ."

"ಹಾಗಾದ್ರೆ ಊರಿನೋರ ಪುಣ್ಯ," ಎಂದ ಭಾವ. ಮೇಷ್ಟ್ರು ಜೋರಾಗಿ ನಕ್ಕರು. ಕೊನೆಗೆ ತಿಂಡಿಯಂಗಡಿಯವನೂ ನಕ್ಕ, ಆದರೆ ಗಾಡಿ ಬಿಟ್ಟು ನಡೆದುಕೊಂಡೇ ದಿಬ್ಬ ಇಳಿದು ಹೋದ.

ಮುಂದಿನ ತಿಂಗಳ ಮೊದಲ ಸೋಮವಾರದಿಂದ ಮನೆಗಾಡಿ ಹಾಜರಿಗೆ ಬಂತು. ಓಡಿಸುವವಳು ಕಡ್ಡಿಯಕ್ಕ. ಮಾಡಿದ ತಪ್ಪಿಗೆ ದಂಡವೆಂದು ಮೊದಲ ಒಂದು ವರ್ಷ ಬಿಟ್ಟಿ ದುಡಿಯುತ್ತೇನೆಂದು ಸಂಘದ ಸಭೆಯಲ್ಲಿ ತಾನೇ ಹೇಳಿದಳು. ಬಿಟ್ಟಿ ದುಡಿಮೆಯ ವಿರುದ್ಧವೇ ಹುಟ್ಟಿದ ಸಂಘ ಇದು ಎಂದು ತಂಗಿ ಒಪ್ಪಲಿಲ್ಲ. ಸಂಬಳ ಗೊತ್ತುಮಾಡಿ ಸಹಿ ಹಾಕಿಸಿಕೊಂಡರು.

ಆ ದಿನ ಬೆಳಗ್ಗೆ ಐದಕ್ಕೆ ಅವಳು ಹಾಸಿಗೆಯ ಹಲಗೆ ಎತ್ತಿ, ತಣ್ಣಗಿನ ಇಂಜಿನ್ನಿನಿಂದ ಮೊದಲ ಕಡ್ಡಿ ಎಳೆದು ನೋಡಿದಳು. ಎರಡನೆಯದನ್ನು ಮುಟ್ಟಲಿಲ್ಲ. ಮಾರುಕಟ್ಟೆಯ ಚೌಕಕ್ಕೆ ಗಾಡಿ ತಂದು, ಇಂಜಿನ್ ಓಡುತ್ತಿರುವಂತೆಯೇ ನ್ಯೂಟ್ರಲ್ಲಿಗೆ ಹಾಕಿ, ಗಂಡನನ್ನು ಬ್ರೇಕಿನ ಮೇಲೆ ಕೂರಿಸಿ, ಆಗ ಎರಡನೇ ಕಡ್ಡಿ ಎಳೆದಳು. ಓದಿದಳು. ಒರೆಸಿದಳು. "ಹೂಂ" ಎಂದು ಇಂಜಿನ್ ನಿಲ್ಲಿಸಿದಳು.

ಸುತ್ತಲಿನ ನಾಲ್ಕು ಬೀದಿಗಳಿಂದ ಪೊರಕೆಗಳು ಒಂದೊಂದಾಗಿ ಬಂದು ಗಾಡಿಗೆ ಒರಗಿ ನಿಂತವು. ಬಾಗಿಲಲ್ಲಿ ಗಂಡ ತನ್ನ ಹಳೇ ಸೀಟಿ ಊದಿ, "ತಳ್ಳಬೇಡಿ, ಸಾಲಾಗಿ ಬನ್ನಿ, ಇದು ಕೊನೇ ಬಸ್ಸಲ್ಲ!" ಎಂದು ಕೂಗಿ ಹೆಂಗಸರ ಕೈಯಲ್ಲಿ ಬೈಸಿಕೊಂಡು ಚಹಾ ಅಂಗಡಿ ಸೇರಿದ.

ತಂಗಿ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಗಂಟೆ ಏಳು. ಇಪ್ಪತ್ತೆರಡು ವರ್ಷದಲ್ಲಿ ಈ ಹೊತ್ತಿನಲ್ಲಿ ಅವಳ ಗಂಟಲಿಗೆ ಹನಿ ಇಳಿದದ್ದಿಲ್ಲ. ಒಳಗಿನ ನಲ್ಲಿಯಿಂದ ಕಡ್ಡಿಯಕ್ಕ ಒಂದು ಲೋಟ ನೀರು ಹಿಡಿದು ತಂದು ಕೊಟ್ಟಳು. ತಂಗಿ ಎತ್ತಿ ಗಟಗಟ ಕುಡಿದಳು. ಬಾಯಿ ಒರೆಸಿಕೊಂಡಳು. ಖಾಲಿ ಲೋಟ ಅಕ್ಕನ ಮುಂದೆ ಚಾಚಿದಳು.

"ಇನ್ನೊಂದು ತಾ."